ವಾರಂಟಿ ಮುಗಿದ ಮೇಲೆ ಫ್ರಿಡ್ಜ್, ಟಿವಿ ಕೆಟ್ಟರೆ ಗ್ರಾಹಕರಿಗೆ ಹಕ್ಕೇ ಇಲ್ಲವೇ? ಕಾನೂನು ಹೇಳುವುದೇನು?

45 ಸಾವಿರ ರೂಪಾಯಿ ಕೊಟ್ಟು ತಂದ ಫ್ರಿಡ್ಜ್. ಒಂದು ವರ್ಷದ ವಾರಂಟಿ. ಹದಿನಾಲ್ಕನೇ ತಿಂಗಳಿಗೆ ತಣ್ಣಗಾಗುವುದನ್ನೇ ನಿಲ್ಲಿಸಿತು ಎಂದುಕೊಳ್ಳಿ. ಸರ್ವಿಸ್ ಸೆಂಟರ್‌ಗೆ ಕರೆ ಮಾಡಿದರೆ ಸಿಗುವ ಉತ್ತರ ಒಂದೇ: 'ವಾರಂಟಿ ಮುಗಿದಿದೆ, ರಿಪೇರಿ ಖರ್ಚು ನಿಮ್ಮದೇ.' ಬಹುತೇಕರು ಅಲ್ಲಿಗೆ ಸುಮ್ಮನಾಗಿ ಹಣ ಕಟ್ಟುತ್ತಾರೆ.

ಆದರೆ ವಾರಂಟಿ ಮುಗಿದರೆ ಕೊನೆಗೊಳ್ಳುವುದು ಉಚಿತವಾಗಿ ರಿಪೇರಿ ಮಾಡಿಕೊಡುತ್ತೇವೆ ಎಂದು ಕಂಪನಿ ಕೊಟ್ಟ ಮಾತು ಮಾತ್ರ. ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಹಕ್ಕು ಆ ದಿನಾಂಕಕ್ಕೆ ಮುಗಿಯುವುದಿಲ್ಲ. ಹಾಗೆಂದು ವಾರಂಟಿ ನಂತರ ಕೆಟ್ಟ ಎಲ್ಲ ವಸ್ತುಗಳಿಗೂ ಪರಿಹಾರ ಸಿಗುತ್ತದೆ ಎಂದೂ ಅಲ್ಲ. ಸಿಗುವುದು ಯಾವಾಗ, ಸಿಗದಿರುವುದು ಯಾವಾಗ, ದೂರು ಎಲ್ಲಿ ಕೊಡಬೇಕು? ಇಲ್ಲಿದೆ ಮಾಹಿತಿ.

ವಾರಂಟಿ ನಿಜಕ್ಕೂ ಮುಗಿದಿದೆಯೇ? ಮೊದಲು ಕಾರ್ಡ್ ನೋಡಿ

ಗೃಹೋಪಯೋಗಿ ಉಪಕರಣಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ವಾರಂಟಿ ಇರುತ್ತದೆ. ಇಡೀ ಉಪಕರಣಕ್ಕೆ ಒಂದು ವರ್ಷ ಇದ್ದರೆ, ಫ್ರಿಡ್ಜ್ ಮತ್ತು ಎಸಿಯ ಕಂಪ್ರೆಸರ್, ವಾಷಿಂಗ್ ಮಷಿನ್‌ನ ಮೋಟರ್ ಮುಂತಾದ ಭಾಗಗಳಿಗೆ ಐದು ಅಥವಾ ಹತ್ತು ವರ್ಷ ಎಂದು ಪ್ರತ್ಯೇಕವಾಗಿ ಬರೆದಿರುತ್ತಾರೆ. ಕೆಟ್ಟಿರುವುದು ಕಂಪ್ರೆಸರ್ ಆಗಿದ್ದರೆ ವಾರಂಟಿ ಇನ್ನೂ ಜೀವಂತವಾಗಿರಬಹುದು. ಆದರೆ ಗ್ಯಾಸ್ ತುಂಬುವ ಖರ್ಚು, ಕೂಲಿ, ಮನೆಗೆ ಬಂದ ಶುಲ್ಕ ಇವುಗಳನ್ನು ಅನೇಕ ಕಂಪನಿಗಳು ಅದರಿಂದ ಹೊರಗಿಟ್ಟಿರುತ್ತವೆ. 'ಹತ್ತು ವರ್ಷ ವಾರಂಟಿ' ಎಂಬ ಸ್ಟಿಕ್ಕರ್ ನೋಡಿ ಕೊಂಡವರು ಈ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು.

ವಾರಂಟಿ ಯಾವ ದಿನದಿಂದ ಶುರು ಎಂಬುದೂ ಮುಖ್ಯ. ಅಂಗಡಿಯಲ್ಲಿ ಬಿಲ್ ಆದ ದಿನಕ್ಕೂ ಮನೆಯಲ್ಲಿ ಅಳವಡಿಸಿದ ದಿನಕ್ಕೂ ವಾರಗಟ್ಟಲೆ ಅಂತರ ಇರಬಹುದು. ಖರೀದಿಸಿದ ದಿನದ ಬದಲು ಅಳವಡಿಸಿದ ದಿನದಿಂದ ವಾರಂಟಿ ಲೆಕ್ಕ ಹಾಕುವಂತೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2024ರ ಜನವರಿಯಲ್ಲಿ ಉಪಕರಣ ತಯಾರಕರನ್ನು ಕೇಳಿತ್ತು. ಅವಧಿ ಕೆಲವೇ ದಿನಗಳಿಂದ ತಪ್ಪಿದ್ದರೆ, ಅಳವಡಿಸಿದ ದಿನದ ಜಾಬ್ ಶೀಟ್ ತೋರಿಸಿ ಇದನ್ನು ಪ್ರಸ್ತಾಪಿಸಬಹುದು.

ಕಾಯ್ದೆಯಲ್ಲಿ 'ದೋಷ' ಎಂದರೇನು?

ಸದ್ಯ ಜಾರಿಯಲ್ಲಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಹಳೆಯ ಕಾಯ್ದೆಯ ಬದಲಿಗೆ ಇದು 2020ರ ಜುಲೈನಲ್ಲಿ ಜಾರಿಗೆ ಬಂತು. ಇದರ ಸೆಕ್ಷನ್ 2(10) ಪ್ರಕಾರ, ಕಾನೂನು ಅಥವಾ ಒಪ್ಪಂದದಂತೆ ಇರಬೇಕಾದ, ಇಲ್ಲವೇ ಮಾರಾಟಗಾರ ಹೇಳಿಕೊಂಡ ಗುಣಮಟ್ಟದಲ್ಲಿ ಯಾವುದೇ ಕೊರತೆ ಇದ್ದರೂ ಅದು 'ದೋಷ'. ಒಪ್ಪಂದ ಲಿಖಿತವಾಗಿ ಇರಲೇಬೇಕೆಂದಿಲ್ಲ, ಸೂಚ್ಯವಾಗಿದ್ದರೂ ಸಾಕು. ಈ ವ್ಯಾಖ್ಯಾನದಲ್ಲಿ ವಾರಂಟಿ ಅವಧಿಯ ಮಾತೇ ಇಲ್ಲ.

1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 16 ಕೂಡ ನೆರವಿಗೆ ಬರುತ್ತದೆ. ಕೊಳ್ಳುವವರು ತಮ್ಮ ಉದ್ದೇಶ ತಿಳಿಸಿ, ಮಾರಾಟಗಾರನ ಪರಿಣತಿ ನಂಬಿ ಕೊಂಡಾಗ ಸರಕು ಆ ಉದ್ದೇಶಕ್ಕೆ ತಕ್ಕಂತೆ ಇರಬೇಕು ಎನ್ನುವ ಷರತ್ತನ್ನು ಅದು ಒಪ್ಪಂದದೊಳಗೆ ಸೇರಿಸುತ್ತದೆ.

ಹೀಗಾಗಿ ಪ್ರಶ್ನೆ 'ವಾರಂಟಿ ಇತ್ತೇ?' ಎಂಬುದಲ್ಲ. 'ತಯಾರಿಕೆಯಲ್ಲೇ ಇದ್ದ ದೋಷ ಈಗ ಹೊರಗೆ ಬಂದಿದೆಯೇ, ಅಥವಾ ಬಳಸಿ ಸವೆದು ಕೆಟ್ಟಿದೆಯೇ?' ಎಂಬುದು. ಮೊದಲನೆಯದಾದರೆ ದೂರಿಗೆ ಬಲ ಇದೆ. ಎರಡನೆಯದಾದರೆ ಇಲ್ಲ.

ಯಾವ ದೂರು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ವಾರಂಟಿ ಅವಧಿಯಲ್ಲೇ ಅದೇ ತೊಂದರೆಗೆ ಎರಡು ಮೂರು ಬಾರಿ ದೂರು ಕೊಟ್ಟು, ಪ್ರತಿ ಬಾರಿ ತಾತ್ಕಾಲಿಕ ರಿಪೇರಿ ಆಗಿ, ವಾರಂಟಿ ಮುಗಿದ ಮೇಲೆ ಉಪಕರಣ ಪೂರ್ತಿ ನಿಂತುಹೋದರೆ ಅದು ಗಟ್ಟಿ ಪ್ರಕರಣ. ದೋಷ ಮೊದಲೇ ಇತ್ತು ಎಂಬುದಕ್ಕೆ ಕಂಪನಿಯ ಜಾಬ್ ಶೀಟ್‌ಗಳೇ ಸಾಕ್ಷಿ. ಅದೇ ಮಾದರಿಯ ಉಪಕರಣಗಳಲ್ಲಿ ಒಂದೇ ತೊಂದರೆ ಪದೇಪದೇ ಕಾಣಿಸಿದ್ದರೆ ಅದೂ ಪೂರಕ ಅಂಶ.

ಬಿಡಿಭಾಗ ಸಿಗದಿರುವುದು ಇನ್ನೊಂದು ಸಂದರ್ಭ. ಗ್ರಾಹಕ ಹಣ ಕೊಡಲು ಸಿದ್ಧರಿದ್ದರೂ 'ಈ ಮಾದರಿ ನಿಂತುಹೋಗಿದೆ, ಪಾರ್ಟ್ ಬರುವುದಿಲ್ಲ, ಹೊಸದು ಕೊಳ್ಳಿ' ಎಂದರೆ, ಅದನ್ನು ಸೇವಾ ನ್ಯೂನತೆ ಎಂದು ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ಪರಿಗಣಿಸಿವೆ. ಹಣ ಪಡೆದು ಮಾಡಿದ ರಿಪೇರಿ ಕೆಲವೇ ದಿನಗಳಲ್ಲಿ ಕೈಕೊಟ್ಟರೂ ಅಷ್ಟೇ. ಆ ರಿಪೇರಿಯೇ ಪ್ರತ್ಯೇಕ ಸೇವೆ, ಅದಕ್ಕೆ ಪ್ರತ್ಯೇಕ ದೂರು ಸಾಧ್ಯ.

ಇನ್ನು ಬೀಳುವ ದೂರುಗಳು. ವೋಲ್ಟೇಜ್ ಏರುಪೇರು, ಸಿಡಿಲು, ನೀರು ಹೊಕ್ಕಿದ್ದು, ಅನಧಿಕೃತ ಮೆಕ್ಯಾನಿಕ್ ಬಿಚ್ಚಿದ್ದು ಇತ್ಯಾದಿ ಕಾರಣ ಎಂದು ಕಂಪನಿ ತೋರಿಸಿದರೆ ಗೆಲ್ಲುವುದು ಕಷ್ಟ. ನಾಲ್ಕೈದು ವರ್ಷ ಚೆನ್ನಾಗಿ ಓಡಿದ ಯಂತ್ರಕ್ಕೆ ಪೂರ್ತಿ ಹಣ ವಾಪಸ್ ಕೇಳಿದರೂ ಸಿಗುವ ಸಾಧ್ಯತೆ ಕಡಿಮೆ.

ಇಡೀ ವಸ್ತುವನ್ನೇ ಬದಲಿಸಿ ಕೊಡಿಸುವ ವಿಚಾರದಲ್ಲೂ ಮಿತಿ ಇದೆ. ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬಗೋತ್ರಾ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತು ದೋಷಪೂರಿತ ಭಾಗವನ್ನು ಸರಿಪಡಿಸುವ ಅಥವಾ ಬದಲಿಸುವುದಕ್ಕೆ ಸೀಮಿತವಾಗಿದ್ದಾಗ ಇಡೀ ಕಾರನ್ನೇ ಬದಲಿಸಿ ಎನ್ನಲಾಗದು ಎಂದಿತ್ತು. ಆದ್ದರಿಂದ ದೂರಿನಲ್ಲಿ ಮೊದಲು ಉಚಿತ ರಿಪೇರಿ ಅಥವಾ ಬಿಡಿಭಾಗ, ಅದು ಆಗದಿದ್ದರೆ ಬದಲಿ ಅಥವಾ ಹಣ, ಜೊತೆಗೆ ಪರಿಹಾರ ಎಂದು ಹಂತ ಹಂತವಾಗಿ ಕೇಳುವುದು ಸೂಕ್ತ.

ಟಿವಿ ಸ್ಫೋಟಿಸಿ ಗೋಡೆ, ಪೀಠೋಪಕರಣ ಸುಟ್ಟರೆ ಅಥವಾ ಯಾರಿಗಾದರೂ ಗಾಯವಾದರೆ ಲೆಕ್ಕವೇ ಬೇರೆ. ಅದು 2019ರ ಕಾಯ್ದೆ ಹೊಸದಾಗಿ ತಂದ 'ಉತ್ಪನ್ನ ಹೊಣೆಗಾರಿಕೆ'ಯ ವ್ಯಾಪ್ತಿಗೆ ಬರುತ್ತದೆ. ಆದರೆ ಆ ಅಧ್ಯಾಯದಡಿ ಕೆಟ್ಟ ಟಿವಿಯ ಬೆಲೆಯನ್ನು ಕೇಳುವಂತಿಲ್ಲ, ಅದರಿಂದ ಆದ ಬೇರೆ ಹಾನಿಗಷ್ಟೇ ಅನ್ವಯ.

ಲಾಸಲಗಾಂವ್‌ನವರು ದೂರು ಕೊಡುವುದೆಲ್ಲಿ?

ಈರುಳ್ಳಿ ದರದ ಸುದ್ದಿ ಓದುವ ಕನ್ನಡಿಗರಿಗೆಲ್ಲ ಪರಿಚಿತ ಹೆಸರು ಮಹಾರಾಷ್ಟ್ರದ ಲಾಸಲಗಾಂವ್. ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನ ಈ ಊರಿನಿಂದ ನಾಸಿಕ್ ನಗರ ಸುಮಾರು 60 ಕಿ.ಮೀ. ದೂರ. ಸಣ್ಣ ಊರಿನ ಗ್ರಾಹಕರ ಕಷ್ಟಕ್ಕೆ ಇದೇ ಉತ್ತಮ ಉದಾಹರಣೆ. ಫ್ರಿಡ್ಜ್ ಕೊಂಡ ಶೋರೂಂ ನಾಸಿಕ್‌ನಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ಇರುತ್ತದೆ, ಕಂಪನಿಯ ಕೇಂದ್ರ ಕಚೇರಿ ಎಲ್ಲೋ ದೆಹಲಿ ಕಡೆಗೆ ಇರುತ್ತದೆ.

ಹಳೆಯ ಕಾಯ್ದೆಯಲ್ಲಿ ಎದುರುದಾರರು ಇರುವ ಅಥವಾ ವ್ಯವಹಾರ ನಡೆದ ಊರಿಗೇ ಹೋಗಬೇಕಿತ್ತು. 2019ರ ಕಾಯ್ದೆಯ ಸೆಕ್ಷನ್ 34 ಇದನ್ನು ಬದಲಿಸಿದೆ. ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೂ ದೂರು ಕೊಡಬಹುದು. ಸಂಭಾಜಿನಗರದಲ್ಲಿ ಕೊಂಡ ವಸ್ತುವಾದರೂ ಲಾಸಲಗಾಂವ್ ನಿವಾಸಿ ನಾಸಿಕ್ ಜಿಲ್ಲಾ ಆಯೋಗದ ಮೆಟ್ಟಿಲೇರಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಟಿವಿಯನ್ನು ಅಲ್ಲಿಗೆ ಕೊಂಡೊಯ್ದು ನೆಲೆಸಿದ ಕನ್ನಡ ಕುಟುಂಬಕ್ಕೂ ಇದೇ ಅನ್ವಯ. ಅವರು ಟಿವಿ ಕೊಂಡ ಧಾರವಾಡ ಜಿಲ್ಲೆಗೇ ಮರಳಿ ಬರಬೇಕಿಲ್ಲ.

ಖುದ್ದು ಹೋಗಲು ಆಗದವರು ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. 2020ರಲ್ಲಿ ಆರಂಭವಾದ ಇ-ದಾಖಿಲ್ ವ್ಯವಸ್ಥೆಯ ಮುಂದುವರಿದ ರೂಪವಾಗಿ 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಇದೆ. ಕೋರಿಕೆ ಸಲ್ಲಿಸಿ ಒಪ್ಪಿಗೆ ಸಿಕ್ಕರೆ ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆಗೂ ಅವಕಾಶ ಇದೆ.

ಒಂದು ಎಚ್ಚರಿಕೆ: ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಆಯೋಗದ ರಕ್ಷಣೆ ಇಲ್ಲ. ದೊಡ್ಡ ವ್ಯಾಪಾರಿ ಸಂಸ್ಥೆ ತನ್ನ ಗೋದಾಮಿಗೆ ಹಾಕಿಸಿದ ಶೈತ್ಯ ಯಂತ್ರಕ್ಕೆ ಸಿವಿಲ್ ಕೋರ್ಟ್ ದಾರಿ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಒಂದು ಡೀಪ್ ಫ್ರೀಜರ್ ಕೊಂಡ ಸಣ್ಣ ಅಂಗಡಿಯವರು ಗ್ರಾಹಕರೇ.

ಖರ್ಚೆಷ್ಟು? ಗಡುವೆಷ್ಟು?

* ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. 50 ಲಕ್ಷದವರೆಗಿನ ಖರೀದಿಗಳ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ.
* ವಕೀಲರು ಕಡ್ಡಾಯವಲ್ಲ. ಗ್ರಾಹಕರು ತಾವೇ ವಾದಿಸಬಹುದು.
* ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ತಡವಾದರೆ ಸಕಾರಣ ತೋರಿಸಬೇಕು. ಕಂಪನಿಗೆ ಇಮೇಲ್ ಮೇಲೆ ಇಮೇಲ್ ಕಳುಹಿಸುತ್ತಾ ಕುಳಿತರೆ ಈ ಗಡುವು ವಿಸ್ತರಣೆ ಆಗುವುದಿಲ್ಲ.
* ನೋಟಿಸ್ ತಲುಪಿದ ಕಂಪನಿ 30 ದಿನಗಳಲ್ಲಿ ಉತ್ತರಿಸಬೇಕು, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಹೆಚ್ಚು ಕಾಲಾವಕಾಶ ಕೊಡಲು ಆಯೋಗಕ್ಕೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ.
* ಮೂರು ತಿಂಗಳಲ್ಲಿ, ಪ್ರಯೋಗಾಲಯ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಪು ನೀಡಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಸಮಯ ಹಿಡಿಯುವುದುಂಟು.
* ಆದೇಶ ಪಾಲಿಸದಿದ್ದರೆ ಸೆಕ್ಷನ್ 72ರಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಉಪಕರಣ ಕೆಟ್ಟ ದಿನ ಮಾಡಬೇಕಾದ್ದೇನು?

1. ಕೆಟ್ಟ ಸ್ಥಿತಿಯ ಫೋಟೊ, ವಿಡಿಯೋ ತೆಗೆದಿಡಿ. ಸೀರಿಯಲ್ ನಂಬರ್ ಕಾಣುವಂತಿರಲಿ.

2. ಮೊದಲು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ದೂರು ದಾಖಲಿಸಿ, ನಂಬರ್ ಬರೆದಿಡಿ. ಪಕ್ಕದ ಬೀದಿಯ ಮೆಕ್ಯಾನಿಕ್ ಮೊದಲು ಬಿಚ್ಚಿದರೆ ಕಂಪನಿಗೆ ನೆಪ ಸಿಕ್ಕಂತೆ.

3. ಟೆಕ್ನಿಷಿಯನ್ ಬಂದಾಗ ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂಬುದನ್ನು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. 'ವೋಲ್ಟೇಜ್ ಸಮಸ್ಯೆ' ಎಂದು ಬರೆದಿದ್ದನ್ನು ಒಪ್ಪದಿದ್ದರೆ, ಸಹಿ ಹಾಕುವ ಮುನ್ನ 'ಒಪ್ಪಿಗೆ ಇಲ್ಲ' ಎಂದು ಬರೆಯಿರಿ. ಸ್ಟೆಬಿಲೈಸರ್ ಇದ್ದರೆ ಅದರ ಬಿಲ್ ಜೋಡಿಸಿಡಿ.

4. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಸೇವೆ ಇದೆ. ಇದು ವ್ಯಾಜ್ಯಕ್ಕೆ ಮುನ್ನ ಕಂಪನಿ ಜೊತೆ ಮಾತುಕತೆ ನಡೆಸುವ ವ್ಯವಸ್ಥೆ, ಆದೇಶ ಕೊಡುವ ಅಧಿಕಾರ ಇದಕ್ಕಿಲ್ಲ.

5. ಅಲ್ಲೂ ಬಗೆಹರಿಯದಿದ್ದರೆ ಮಾರಾಟಗಾರರಿಗೂ ತಯಾರಕರಿಗೂ ಲಿಖಿತ ನೋಟಿಸ್ ಕಳುಹಿಸಿ, ನಂತರ ಆಯೋಗಕ್ಕೆ ಹೋಗಿ. ದೋಷ ಪರೀಕ್ಷೆಯಿಂದಷ್ಟೇ ತಿಳಿಯುವಂತಿದ್ದರೆ ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಪರೀಕ್ಷೆಯ ಶುಲ್ಕವನ್ನು ಮೊದಲು ಗ್ರಾಹಕರೇ ಕಟ್ಟಬೇಕಾಗಬಹುದು.

ಬೇರೆ ದೇಶಗಳಲ್ಲಿ ಹೇಗಿದೆ?

ಆಸ್ಟ್ರೇಲಿಯಾದಲ್ಲಿ ಕಂಪನಿಯ ವಾರಂಟಿ ಎಷ್ಟೇ ಇದ್ದರೂ, ಬೆಲೆಗೆ ತಕ್ಕಂತೆ ನ್ಯಾಯಯುತ ಅವಧಿಯವರೆಗೆ ವಸ್ತು ಬಾಳಿಕೆ ಬರಬೇಕು ಎಂಬ ಖಾತರಿ ಕಾನೂನಿನಲ್ಲೇ ಇದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ, ಖಾತರಿ ಅವಧಿ ಮುಗಿದ ಮೇಲೂ ಫ್ರಿಡ್ಜ್, ವಾಷಿಂಗ್ ಮಷಿನ್, ಫೋನ್ ಮುಂತಾದವನ್ನು ತಯಾರಕರು ನ್ಯಾಯಯುತ ದರದಲ್ಲಿ ರಿಪೇರಿ ಮಾಡಿಕೊಡಬೇಕು ಎಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು.

ಭಾರತದಲ್ಲಿ ಇಷ್ಟು ಸ್ಪಷ್ಟ ಕಾನೂನು ಬಂದಿಲ್ಲ. 'ರಿಪೇರಿ ಹಕ್ಕು' ಕುರಿತು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ಆರಂಭವಾಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಉಪಕರಣ ಮತ್ತು ವಾಹನ ಕ್ಷೇತ್ರಗಳ ಕಂಪನಿಗಳ ರಿಪೇರಿ ಹಾಗೂ ಬಿಡಿಭಾಗಗಳ ಮಾಹಿತಿ ಒಂದೇ ಕಡೆ ಸಿಗುವಂತೆ ಮಾಡುವುದು ಇದರ ಉದ್ದೇಶ.

ಹಳೆಯ ಪಾರ್ಟ್ ಕೊಟ್ಟು ಕಳುಹಿಸಬೇಡಿ

ಮನೆಯಲ್ಲಿ ಫ್ರಿಡ್ಜ್ ಇಲ್ಲದೆ ತಿಂಗಳುಗಟ್ಟಲೆ ಕಾಯಲು ಯಾರಿಗೂ ಆಗದು. ಹಾಗಾಗಿ ಹಣ ಕೊಟ್ಟು ರಿಪೇರಿ ಮಾಡಿಸಿಕೊಂಡರೆ ಹಕ್ಕು ಹೋಗುವುದಿಲ್ಲ. ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇವೆ ಎಂದು ಬಿಲ್ ಮೇಲೆ ಅಥವಾ ಇಮೇಲ್‌ನಲ್ಲಿ ತಿಳಿಸಿ, ನಂತರ ಆ ಮೊತ್ತವನ್ನೇ ಪರಿಹಾರವಾಗಿ ಕೇಳಬಹುದು.

ಆದರೆ ಒಂದು ತಪ್ಪು ಮಾಡಬಾರದು. ಹೊಸ ಪಿಸಿಬಿಯನ್ನೋ ಕಂಪ್ರೆಸರನ್ನೋ ಹಾಕಿದ ಮೇಲೆ ಹಳೆಯದನ್ನು ಟೆಕ್ನಿಷಿಯನ್ ಚೀಲಕ್ಕೆ ಹಾಕಿಕೊಂಡು ಹೊರಡುವುದು ವಾಡಿಕೆ. ದೋಷ ತಯಾರಿಕೆಯಲ್ಲೇ ಇತ್ತು ಎಂದು ಸಾಬೀತುಪಡಿಸುವ ಹೊಣೆ ಗ್ರಾಹಕರದ್ದು, ಅದಕ್ಕೆ ಇರುವ ಮುಖ್ಯ ಪುರಾವೆ ಆ ಹಳೆಯ ಪಾರ್ಟ್. ದೂರು ಕೊಡುವ ಯೋಚನೆ ಇದ್ದರೆ ಅದನ್ನು ಮನೆಯಲ್ಲೇ ಉಳಿಸಿಕೊಳ್ಳಿ. ವಾಪಸ್ ಕೊಡಲೇಬೇಕು ಎಂದರೆ ಫೋಟೊ ತೆಗೆದು, ಪಾರ್ಟ್ ನಂಬರ್ ಸಮೇತ ಲಿಖಿತ ರಸೀದಿ ಪಡೆದೇ ಕೊಡಿ.