ಕೊಡವ ಕೌಟುಂಬಿಕ ಹಾಕಿ ಉತ್ಸವ

ಕೊಡಗು ಜಿಲ್ಲೆಯಲ್ಲಿ ಬೇಸಿಗೆಯಲ್ಲಿ ನಡೆಯುವ, ಕೊಡವ ಮನೆತನಗಳ (ಒಕ್ಕ) ನಡುವಿನ ಹಾಕಿ ಪಂದ್ಯಾವಳಿ. ಚದುರಿಹೋಗಿದ್ದ ಕುಟುಂಬಗಳನ್ನು ಮೈದಾನದಲ್ಲಿ ಒಟ್ಟುಗೂಡಿಸಲು ಪಾಂಡಂಡ ಕುಟ್ಟಪ್ಪ 1997ರಲ್ಲಿ ವಿರಾಜಪೇಟೆ ತಾಲೂಕಿನ ಕರಡದಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ 60 ತಂಡಗಳು ಆಡಿದವು. ಪ್ರತಿವರ್ಷ ಒಂದೊಂದು ಮನೆತನ ಆತಿಥ್ಯ ವಹಿಸುತ್ತದೆ. ಕಪ್‌ಗೂ ಅದರ ಹೆಸರೇ. ಆಟಗಾರರು ಒಂದೇ ಮನೆತನದವರಾಗಿರಬೇಕು. ಹೀಗಾಗಿ ಅನುಭವಿ ಆಟಗಾರರ ಜೊತೆ ಹೆಣ್ಣುಮಕ್ಕಳು, ಶಾಲಾ ಬಾಲಕರು, ಹಿರಿಯರು ಒಂದೇ ತಂಡದಲ್ಲಿ ಕಾಣುತ್ತಾರೆ. ಉದ್ಘಾಟನೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದು ರೂಢಿ. ಪ್ರಕೃತಿ ವಿಕೋಪ ಮತ್ತು ಕೋವಿಡ್‌ನಿಂದ ನಿಂತಿದ್ದ ಉತ್ಸವ 2023ರಲ್ಲಿ ನಾಪೋಕ್ಲಿನಲ್ಲಿ ಅಪ್ಪಚೆಟ್ಟೋಳಂಡ ಕಪ್‌ನೊಂದಿಗೆ ಮರಳಿತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಪಾಲ್ಗೊಂಡವು; ಉತ್ಸವ ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿಯಾಗಿ ಗಿನ್ನೆಸ್ ದಾಖಲೆ ಸೇರಿತು.