ಬೈಗುಳವೇ ಹೆಸರಾದ ಹಾಡು

ಅಮೆರಿಕದಲ್ಲಿ 1980ರ ದಶಕದಲ್ಲಿ ‘ರೆಫ್ಯೂಜಿ’ ಎಂಬ ಪದ ಹೈಟಿಯಿಂದ ಬಂದವರ ಪಾಲಿಗೆ ಬೈಗುಳವೇ ಆಗಿತ್ತು. ಸರ್ವಾಧಿಕಾರ, ಬಡತನಗಳಿಂದ ಪಾರಾಗಲು ಸಣ್ಣ ದೋಣಿಗಳಲ್ಲಿ ಸಮುದ್ರ ದಾಟಿ ಬಂದ ಜನ ಅವರು. 1983ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಏಡ್ಸ್ ತಗಲುವ ಸಾಧ್ಯತೆ ಹೆಚ್ಚಿರುವವರ ಪಟ್ಟಿಗೆ ಹೈಟಿಯವರನ್ನೂ ಸೇರಿಸಿತು. 1985ರಲ್ಲಿ ಪಟ್ಟಿಯಿಂದ ಹೆಸರು ತೆಗೆದರೂ ಕಳಂಕ ಅಳಿಯಲಿಲ್ಲ. 1990ರಲ್ಲಿ ಅವರು ರಕ್ತದಾನ ಮಾಡಕೂಡದೆಂಬ ಸರ್ಕಾರಿ ಸೂಚನೆ ಹೊರಬಿದ್ದಾಗ ಸಾವಿರಾರು ಮಂದಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮೇಲೆ ಮೆರವಣಿಗೆ ನಡೆಸಿದರು.

ಈ ಬೈಗುಳವನ್ನೇ ಹೆಮ್ಮೆಯ ಹೆಸರಾಗಿಸಿಕೊಂಡವರಲ್ಲಿ ಒಬ್ಬ ವೈಕ್ಲೆಫ್ ಜಾನ್. 1969ರಲ್ಲಿ ಹೈಟಿಯಲ್ಲಿ ಹುಟ್ಟಿದ ಈತ ಒಂಬತ್ತನೆಯ ವಯಸ್ಸಿನಲ್ಲಿ ಅಮೆರಿಕ ಸೇರಿದ. ತಂದೆ ಪಾದ್ರಿ. ಹೀಗಾಗಿ ಚರ್ಚೇ ಸಂಗೀತದ ಮೊದಲ ಪಾಠಶಾಲೆ. ಮುಂದೆ ನ್ಯೂಜೆರ್ಸಿಯಲ್ಲಿ ಹೈಟಿ ಮೂಲದ ಪ್ರಾಸ್ ಮಿಶೆಲ್, ಕಪ್ಪು ಅಮೆರಿಕನ್ ಗಾಯಕಿ ಲಾರಿನ್ ಹಿಲ್ ಜತೆಗೂಡಿ ಕಟ್ಟಿದ ತಂಡಕ್ಕೆ ಇಟ್ಟ ಹೆಸರು ‘ಫ್ಯೂಜೀಸ್’. ಅದು ‘ರೆಫ್ಯೂಜೀಸ್’ ಎಂಬುದರ ಮೊಟಕು ರೂಪ.

ಹಿಪ್-ಹಾಪ್‌ಗೆ ಕೆರಿಬಿಯನ್ ನಂಟು ಹುಟ್ಟಿನಿಂದಲೇ ಬಂದದ್ದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿ ಏರ್ಪಡಿಸಿದ್ದ ಸಂತೋಷಕೂಟದಲ್ಲಿ ಹಾಡಿನ ತಟ್ಟೆಗಳನ್ನು ತಿರುಗಿಸಿದ ಕೂಲ್ ಹರ್ಕ್ ಜಮೈಕಾದ ಕಿಂಗ್‌ಸ್ಟನ್ ಊರಿನವನು. ಭಾರೀ ಧ್ವನಿವರ್ಧಕಗಳನ್ನು ಜೋಡಿಸಿ, ಹಾಡಿನ ಮೇಲೆ ಪ್ರಾಸದ ಮಾತು ಸೇರಿಸುವ ಪದ್ಧತಿ ಅವನ ಊರಿನ ಬೀದಿಗಳದ್ದು. ಹಾಡಿನಲ್ಲಿ ಬರೀ ವಾದ್ಯವಿರುವ ಭಾಗವನ್ನು ಎರಡು ತಟ್ಟೆಗಳಿಂದ ಮತ್ತೆ ಮತ್ತೆ ನುಡಿಸಿ ಲಂಬಿಸಿದ್ದು ಅವನ ಹೊಸತನ. ವೈಕ್ಲೆಫ್ ಈ ನಂಟನ್ನು ಎದ್ದು ಕಾಣುವಂತೆ ಮಾಡಿದ. ಗಿಟಾರ್ ಹಿಡಿದು ರೆಗ್ಗೆ ಲಯಕ್ಕೆ ರ‍್ಯಾಪ್ ಬೆರೆಸಿದ.

1994ರ ಮೊದಲ ಆಲ್ಬಂ ಅಷ್ಟಾಗಿ ಓಡಲಿಲ್ಲ. ಸಂಬಂಧಿಕರ ಮನೆಯ ನೆಲಮಾಳಿಗೆಯಲ್ಲಿ ಸಿದ್ಧವಾದ ‘ದಿ ಸ್ಕೋರ್’ 1996ರಲ್ಲಿ ಬಂದು ಜಗತ್ತಿನಾದ್ಯಂತ ಒಂದು ಕೋಟಿಗೂ ಮಿಕ್ಕಿ ಮಾರಾಟವಾಯಿತು. 1997ರಲ್ಲಿ ತಂಡಕ್ಕೆ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಸಮಾರಂಭಕ್ಕೆ ವೈಕ್ಲೆಫ್ ಹೈಟಿಯ ಧ್ವಜ ಹೊದ್ದು ಬಂದ. ರಕ್ತವೇ ಬೇಡವೆಂದು ಹೇಳಿಸಿಕೊಂಡಿದ್ದ ಜನಕ್ಕೆ ಆ ಬಟ್ಟೆಯ ತುಂಡು ಪ್ರಶಸ್ತಿಗಿಂತ ದೊಡ್ಡದು.

ಅದೇ ವರ್ಷ ಬಂದ ಸ್ವಂತ ಆಲ್ಬಂ ‘ದಿ ಕಾರ್ನಿವಲ್’ನಲ್ಲಿ ಆತ ಇನ್ನೂ ಮುಂದೆ ಹೋದ. ಕ್ಯೂಬಾದ ಗಾಯಕಿ ಸೆಲಿಯಾ ಕ್ರುಸ್ ಅವರನ್ನು ಹಾಡಿಸಿದ. ಅಮೆರಿಕದ ಮಾರುಕಟ್ಟೆಗೆ ಅಪರಿಚಿತವಾಗಿದ್ದ ತಾಯ್ನುಡಿ ಕ್ರಿಯೋಲ್‌ನಲ್ಲೂ ಹಾಡಿದ. 2006ರಲ್ಲಿ ಕೊಲಂಬಿಯಾದ ಶಕೀರಾ ಜತೆ ಹಾಡಿದ ‘ಹಿಪ್ಸ್ ಡೋಂಟ್ ಲೈ’ ಭಾಷೆಯ ಗಡಿಗಳನ್ನೇ ದಾಟಿತು.

ಆದರೆ ಹಾಡು ಒಲಿದಷ್ಟು ಸುಲಭವಾಗಿ ನಾಡು ಒಲಿಯಲಿಲ್ಲ. 2010ರ ಜನವರಿ 12ರ ಭೂಕಂಪದ ನಂತರ ಆತನ ಸೇವಾಸಂಸ್ಥೆಗೆ ನೆರವು ಹರಿದುಬಂತು. ಹಣದ ನಿರ್ವಹಣೆಯ ಬಗ್ಗೆ ಟೀಕೆಗಳೂ ಬಂದವು. 2012ರಲ್ಲಿ ಸಂಸ್ಥೆ ಮುಚ್ಚಿತು. ಈ ನಡುವೆ, 2010ರಲ್ಲೇ ಆತ ಹೈಟಿಯ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಲು ಹೊರಟಾಗ ಚುನಾವಣಾ ಮಂಡಳಿ ಉಮೇದುವಾರಿಕೆಯನ್ನು ತಿರಸ್ಕರಿಸಿತು. ಅಡ್ಡಬಂದದ್ದು ಸತತ ಐದು ವರ್ಷ ದೇಶದಲ್ಲೇ ವಾಸವಿರಬೇಕೆಂಬ ನಿಯಮ.

ಅಮೆರಿಕದಲ್ಲಿ ಹೊರಗಿನವನಾಗಿ ಬೆಳೆದವನು ತವರಿನ ಕಾಗದಪತ್ರಗಳಲ್ಲೂ ಹೊರಗಿನವನಾದ. ಅವನನ್ನು ಎರಡೂ ದಡಗಳಿಗೆ ಸೇರಿಸಿದ್ದು ಹಾಡೊಂದೇ.