ಬಲೆಯೊಡನೆ ಹಾರಿದ ಹಕ್ಕಿಗಳು



"ಕಾರ್ಟೂನ್ ನೋಡಿ ನೋಡಿ ಮಕ್ಕಳು ಹಾಳಾಗುತ್ತಿದ್ದಾರೆ." ಪೋಷಕರ ಸಭೆಯಲ್ಲಿ ಈ ಮಾತು ಪ್ರತಿ ವರ್ಷವೂ ಕೇಳಿಬರುತ್ತದೆ. ಶಿಕ್ಷಕರಾದ ನಾವೂ ಹೌದೆಂದು ತಲೆಯಾಡಿಸುತ್ತೇವೆ. ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ನಿಮ್ಮಲ್ಲಿ ಮೂವತ್ತೈದು ದಾಟಿದ ಅನೇಕರ ಬಾಲ್ಯದಲ್ಲಿ ಒಂದು ಕಾರ್ಟೂನು ಇದ್ದೇ ಇದೆ. ಅಕ್ಕನನ್ನು ತಮ್ಮ ಪ್ರಶ್ನೆ ಕೇಳುತ್ತಾನೆ. ಅಕ್ಕ ಹಾಡುತ್ತಾ ಉತ್ತರಿಸುತ್ತಾಳೆ. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ. ಹೌದು, ದೂರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಏಕ್ ಅನೇಕ್ ಔರ್ ಏಕತಾ' ಅದು. ಅದರ ಹಿಂದಿನ ಚರಿತ್ರೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಚಿತ್ರಗಳಿಗೆ ಚಲನೆ ಕೊಡುವ ಪ್ರಯತ್ನ ಹಳೆಯದು. ದಾದಾಸಾಹೇಬ್ ಫಾಲ್ಕೆಯವರು 1915ರಲ್ಲಿಯೇ ಬೆಂಕಿಕಡ್ಡಿಗಳನ್ನು ಪರದೆಯ ಮೇಲೆ ಕುಣಿಸಿದ್ದರು. 1956ರಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಜನ್ ತನ್ನದೇ ಕಾರ್ಟೂನ್ ವಿಭಾಗವನ್ನು ಆರಂಭಿಸಿತು. ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬವರು ಬಂದು ಇಲ್ಲಿಯ ಕಲಾವಿದರಿಗೆ ತರಬೇತಿ ನೀಡಿದರು. ಮರುವರ್ಷ ಜಾತಕ ಕಥೆಯೊಂದನ್ನು ಆಧರಿಸಿದ 'ದಿ ಬನಿಯನ್ ಡೀರ್' ತಯಾರಾಯಿತು. ಮುಂದೆ ಇದೇ ಫಿಲ್ಮ್ಸ್ ಡಿವಿಜನ್‌ನಲ್ಲಿ ಕೆಲಸ ಕಲಿತವರು ಭೀಮ್‌ಸೇನ್. 1974ರಲ್ಲಿ ವಿಜಯಾ ಮುಳೆಯವರ ನಿರ್ದೇಶನಕ್ಕೆ ಭೀಮ್‌ಸೇನ್ ಚಿತ್ರಗಳು ಜೊತೆಯಾದಾಗ ಹುಟ್ಟಿದ್ದೇ ನಮ್ಮ ಹಕ್ಕಿಗಳ ಚಿತ್ರ. ಅದರ ಅವಧಿ ಸುಮಾರು ಏಳು ನಿಮಿಷ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಲೆಕ್ಕ ಹಾಕಿ ನೋಡಿ, ಏಳು ನಿಮಿಷಕ್ಕೆ ಹತ್ತು ಸಾವಿರ ಚೌಕಟ್ಟು! ಮಕ್ಕಳ ಒಂದು ಸಣ್ಣ ಪ್ರಶ್ನೆಗೆ ಉತ್ತರ ಹೇಳಲು ಹಿರಿಯರು ಪಟ್ಟ ಶ್ರಮವಿದು.

ನಮ್ಮ ಮೊಹಲ್ಲಾದಲ್ಲಿ ಆಗ ಟಿ.ವಿ. ಇದ್ದದ್ದು ಕೆಲವೇ ಮನೆಗಳಲ್ಲಿ. ನಾವು ಪಕ್ಕದ ಕನ್ನಡದವರ ಮನೆಯ ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದೆವು. ಹಿಂದಿ ನನಗೆ ತಿಳಿಯುತ್ತದೆ, ಆ ಮನೆಯ ಹುಡುಗಿಗೆ ತಿಳಿಯದು ಎಂಬ ಹೆಮ್ಮೆ ನನಗಿತ್ತು. "ಚಿಡಿಯಾ ಅಂದರೆ ಹಕ್ಕಿ" ಎಂದು ಅವಳಿಗೆ ದೊಡ್ಡದಾಗಿ ಹೇಳಿಕೊಟ್ಟೆ. ಆದರೆ 'ಅನೇಕ್' ಎಂಬಲ್ಲಿ ನಾನೇ ಸಿಕ್ಕಿಬಿದ್ದೆ. ನಮ್ಮ ಮನೆಯ ದಖ್ಖನಿಯಲ್ಲಿ 'ಬಹುತ್' ಎನ್ನುತ್ತೇವೆಯೇ ಹೊರತು 'ಅನೇಕ್' ಎನ್ನುವುದಿಲ್ಲ. ಅವಳು ನಕ್ಕು, "ಅಷ್ಟೂ ಗೊತ್ತಿಲ್ವಾ? ಅನೇಕ ಅಂದ್ರೆ ತುಂಬಾ!" ಎಂದಳು. ಏಕತೆಯ ಪಾಠ ನನಗೆ ಆದದ್ದು ಅಲ್ಲಿಯೇ. ಅರ್ಧ ಮಾತು ನನ್ನಲ್ಲಿತ್ತು, ಇನ್ನರ್ಧ ಪಕ್ಕದ ಮನೆಯಲ್ಲಿತ್ತು.

ಬಿ.ಎಡ್. ಮುಗಿಸಿ ಎರಡೂ ಭಾಷೆಗಳನ್ನು ಕಲಿಸತೊಡಗಿದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಆ ಕಥೆಯೂ ಹೀಗೆಯೇ ಮನೆಯಿಂದ ಮನೆಗೆ ಹೋದದ್ದು. ಪಂಚತಂತ್ರದಲ್ಲಿ ಪಾರಿವಾಳಗಳ ರಾಜನ ಹೆಸರು ಚಿತ್ರಗ್ರೀವ, ಅಂದರೆ ಬಣ್ಣದ ಕೊರಳಿನವನು. ಆರನೆಯ ಶತಮಾನದಲ್ಲಿ ಇರಾನಿನ ಬಾದಶಹ ಖುಸ್ರೋ ನೌಶೇರ್ವಾನನ ಕಾಲಕ್ಕೆ ಹಕೀಮ್ ಬುರ್ಜೋಯ ಇಲ್ಲಿಯ ಕಥೆಗಳನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅವುಗಳನ್ನು 'ಕಲೀಲಾ ವ ದಿಮ್ನಾ' ಎಂದು ಅರಬಿಗೆ ಅನುವಾದಿಸಿದನು. ಅಲ್ಲಿ ನಮ್ಮ ಪಾರಿವಾಳದ ಹೆಸರು 'ಮುತವ್ವಖಾ', ಅಂದರೆ ಕೊರಳಲ್ಲಿ ತೌಖ್ ಇರುವುದು. ನೋಡಿದಿರಾ, ಭಾಷೆ ಬದಲಾದರೂ ಕೊರಳಿನ ಗುರುತು ಉಳಿಯಿತು! ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅಕ್ಬರನ ಆಸ್ಥಾನದಲ್ಲಿ ಅಬುಲ್ ಫಜಲ್ ಇವೇ ಕಥೆಗಳನ್ನು ಫಾರಸಿಯಲ್ಲಿ ಮತ್ತೆ ಬರೆದನು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 'ಖಿರದ್ ಅಫ್ರೋಜ್' ಎಂಬ ಹೆಸರಿನಿಂದ ಅವು ಉರ್ದುವಿಗೂ ಬಂದವು.

ಗ್ರಂಥದಲ್ಲಿ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಗೆಳೆಯನಾದ ಇಲಿ ಬಂದು ರಾಜನ ಬಂಧನವನ್ನು ಕಡಿಯಲು ಹೊರಟಾಗ ರಾಜ ತಡೆಯುತ್ತಾನೆ. ಮೊದಲು ಸಂಗಡಿಗರನ್ನು ಬಿಡಿಸು, ಆಮೇಲೆ ನನ್ನನ್ನು ಎನ್ನುತ್ತಾನೆ. ನಾಯಕತ್ವದ ಬಗ್ಗೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಚಿಕ್ಕ ಪಾಠ ಬೇಕೆ?

ಈಗ ಒಂದು ತಪ್ಪೊಪ್ಪಿಗೆ. ಕಳೆದ ಪರೀಕ್ಷೆಯ ಸಮಯದಲ್ಲಿ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ನನ್ನ ಐದು ವರ್ಷದ ಮಗಳು ಬಂದು, "ಚಂದ್ರ ಒಂದೇ ಯಾಕಿದೆ?" ಎಂದು ಕೇಳಿದಳು. ನಾನು ತಲೆಯೆತ್ತದೆ ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಅವಳು ಸುಮ್ಮನಾದಳು. ರಾತ್ರಿ ಮಲಗಿದಾಗ ಆ ಮೌನ ನನ್ನನ್ನು ಚುಚ್ಚಿತು. ಒಂದು ಮತ್ತು ಅನೇಕದ ಪ್ರಶ್ನೆಯನ್ನೇ ಅಲ್ಲವೇ ಅವಳು ಕೇಳಿದ್ದು? ಆ ಚಿತ್ರದಲ್ಲಿ ತಮ್ಮನ ಪಕ್ಕದಲ್ಲಿ ಅಕ್ಕನಿದ್ದಳು. ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿ ಗೆಳತಿಯಿದ್ದಳು. ನನ್ನ ಮಗಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ವಾಚಕರೇ, ಮಗು ಏನನ್ನು ನೋಡುತ್ತದೆ ಎಂದು ಕೇಳುವುದು ಅಗತ್ಯವೇ. ಆದರೆ ಯಾರೊಡನೆ ನೋಡುತ್ತದೆ ಎಂದೂ ಕೇಳೋಣ. ಮರುದಿನ ನಾನು ಪತ್ರಿಕೆಗಳನ್ನು ಬದಿಗಿಟ್ಟು ಮಗಳೊಡನೆ ಆ ಹಳೆಯ ಚಿತ್ರವನ್ನು ನೋಡಿದೆ. ಹಕ್ಕಿಗಳು ಮೇಲೇಳುವಾಗ ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ನೀವೂ ಏಳು ನಿಮಿಷ ಬಿಡುವು ಮಾಡಿಕೊಳ್ಳಿ. ಚಿತ್ರ ಮುಗಿದ ಮೇಲೆ ಮಗು ಏನಾದರೂ ಕೇಳಿಯೇ ಕೇಳುತ್ತದೆ. ಆಗ ದಯವಿಟ್ಟು ತಲೆಯೆತ್ತಿ ಉತ್ತರಿಸಿ.